ಎರಡನೆಯ ಕೂಸು ಮಗುಚಿಕೊಳ್ಳುವಾಗ ನಾವು ಏನನ್ನು ನೋಡುತ್ತೇವೆ

(ಎರಡನೆಯ ಮಗುವಿನ ತಂದೆತಾಯಂದಿರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಇವಳ ಅಕ್ಕ ಐದು ತಿಂಗಳಿಗೇ ಕೂತಿದ್ದಳು. ಇವಳಿಗೆ ಏಳು ತುಂಬಿತು, ಇನ್ನೂ ಪಕ್ಕಕ್ಕೆ ವಾಲುತ್ತಾಳೆ." ಮಕ್ಕಳ ಫಿಸಿಯೋಥೆರಪಿ ನನ್ನ ವೃತ್ತಿ. ಎರಡನೆಯ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಂದಿರು ಆಡುವ ಮೊದಲ ಮಾತು ಬಹಳ ಸಲ ಇದೇ ಧಾಟಿಯಲ್ಲಿರುತ್ತದೆ. ಇದರ ಇನ್ನೊಂದು ಮುಖವೂ ಉಂಟು: "ಇವನ ಅಣ್ಣನೂ ತಡವಾಗಿಯೇ ಮಾತಾಡಿದ್ದು, ಆದ್ದರಿಂದ ನಮಗೇನೂ ಚಿಂತೆಯಿಲ್ಲ." ಒಬ್ಬರಿಗೆ ಮೊದಲ ಮಗುವಿನ ನೆನಪು ಆತಂಕ ತಂದಿದೆ, ಇನ್ನೊಬ್ಬರಿಗೆ ಅದೇ ನೆನಪು ಸಮಾಧಾನ ತಂದಿದೆ. ಇಬ್ಬರೂ ಕಣ್ಣೆದುರಿಗಿರುವ ಮಗುವನ್ನು ಬಿಟ್ಟು, ಮನೆಯಲ್ಲಿರುವ ದೊಡ್ಡ ಮಗುವಿನ ಹಸುಗೂಸಿನ ದಿನಗಳನ್ನೇ ನೋಡುತ್ತಿದ್ದಾರೆ.

ನನಗೂ ಇಬ್ಬರು ಮಕ್ಕಳು. ದೊಡ್ಡವಳು ಶಾಲೆಗೆ ಹೋಗುತ್ತಾಳೆ, ಚಿಕ್ಕವನು ಈಗಷ್ಟೇ ಕುರ್ಚಿ ಹಿಡಿದು ನಿಲ್ಲುತ್ತಿದ್ದಾನೆ. ಹಾಗಾಗಿ ಇವತ್ತು ಸ್ವಲ್ಪ ವೃತ್ತಿಯಿಂದ, ಸ್ವಲ್ಪ ಮನೆಯಿಂದ ಮಾತಾಡುತ್ತೇನೆ. ಮೊದಲ ಮಗು ನಮಗೆ ನೋಡುವ ಕಣ್ಣನ್ನು ಕೊಟ್ಟಿರುತ್ತದೆ. ಆ ಕಣ್ಣನ್ನು ಹೋಲಿಕೆಗೆ ಸವೆಸಬಾರದು, ಎರಡನೆಯ ಮಗುವನ್ನು ನೋಡುವುದಕ್ಕೇ ಬಳಸಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಹೋಲಿಕೆಯ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳ 816 ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ದೇಹಚಲನೆಯ ಆರು ಹಂತಗಳ ವಯಸ್ಸನ್ನು 2006ರಲ್ಲಿ ಪ್ರಕಟಿಸಿತು. ಆ ಮಕ್ಕಳೆಲ್ಲ ಆರೋಗ್ಯವಂತರು, ಚೆನ್ನಾದ ಆರೈಕೆ ಪಡೆಯುತ್ತಿದ್ದವರು. ಅವರಲ್ಲಿ ಆಸರೆಯಿಲ್ಲದೆ ಕೂರುವ ವಯಸ್ಸು 3.8 ತಿಂಗಳಿನಿಂದ 9.2 ತಿಂಗಳವರೆಗೆ ಹರಡಿಕೊಂಡಿತ್ತು. ಅಂಬೆಗಾಲಿಡುವುದು 5.2ರಿಂದ 13.5 ತಿಂಗಳು. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು. ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಒಂದೇ ಮನೆಯಲ್ಲಿ ಒಂದು ಮಗು ಒಂಬತ್ತನೆಯ ತಿಂಗಳಲ್ಲಿ ಹೆಜ್ಜೆಯಿಟ್ಟು, ಅದರ ತಮ್ಮನೋ ತಂಗಿಯೋ ಹದಿನೇಳನೆಯ ತಿಂಗಳಲ್ಲಿ ಹೆಜ್ಜೆಯಿಟ್ಟರೂ ಇಬ್ಬರೂ ಇದೇ ಹರವಿನ ಒಳಗಿದ್ದಾರೆ. ಎಂಟು ತಿಂಗಳ ಅಂತರ! ಕೂಸಿನ ಮನೆಯಲ್ಲಿ ಎಂಟು ತಿಂಗಳು ಎಷ್ಟು ದೀರ್ಘ ಎಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು.

ಇನ್ನೊಂದು ವಿಷಯ. ಆ ಅಧ್ಯಯನದಲ್ಲಿ 'ಕೂತಿದೆ' ಎಂದು ಬರೆದುಕೊಳ್ಳಲು ಒಂದು ನಿಯಮವಿತ್ತು: ತಲೆ ನೆಟ್ಟಗೆ ಹಿಡಿದು, ಕೈಯನ್ನು ಎಲ್ಲಿಯೂ ಊರದೆ, ಕನಿಷ್ಠ 10 ಸೆಕೆಂಡು ಕೂತಿರಬೇಕು. 'ನಡೆದಿದೆ' ಎನ್ನಲು ಯಾವ ಆಸರೆಯೂ ಇಲ್ಲದೆ ಕನಿಷ್ಠ ಐದು ಹೆಜ್ಜೆ ಇಟ್ಟಿರಬೇಕು. ಮನೆಯಲ್ಲಿ ನಾವು ಹೀಗೆ ಅಳೆಯುತ್ತೇವೆಯೇ? ಕೈಯೆರಡನ್ನೂ ಮುಂದೆ ಊರಿಕೊಂಡು ಮುಕ್ಕಾಲು ಮಡಿದು ಕೂತದ್ದನ್ನೂ ನಾವು ಸಂತೋಷದಿಂದ ಕೂತದ್ದೆಂದೇ ಲೆಕ್ಕ ಹಾಕುತ್ತೇವೆ. ಮೊದಲ ಮಗುವಿನ ವಿಷಯದಲ್ಲಂತೂ ಎಲ್ಲವನ್ನೂ ಸ್ವಲ್ಪ ಬೇಗನೆಯೇ ಆದದ್ದೆಂದು ನೆನಪಿಟ್ಟುಕೊಂಡಿರುತ್ತೇವೆ. "ಅಕ್ಕ ಐದು ತಿಂಗಳಿಗೇ ಕೂತಳು" ಎನ್ನುವಾಗ ಹೇಗೆ ಕೂತಳು, ಎಷ್ಟು ಹೊತ್ತು ಕೂತಳು ಎಂದು ಕೇಳಿದರೆ ಹೇಳಲು ಯಾರಿಗೂ ಬರುವುದಿಲ್ಲ. ಅಂಥ ನೆನಪನ್ನು ಆಧಾರವಾಗಿಟ್ಟುಕೊಂಡು ಇನ್ನೊಂದು ಮಗುವನ್ನು ತೂಗುವುದು ಆ ಮಗುವಿಗೆ ಮಾಡುವ ಅನ್ಯಾಯ.

ಅಂಬೆಗಾಲಿನ ಮಾತಂತೂ ಇನ್ನೂ ಸಡಿಲ. ಅದೇ ಅಧ್ಯಯನದಲ್ಲಿ ಶೇಕಡಾ 4.3ರಷ್ಟು ಮಕ್ಕಳು ಕೈ ಮತ್ತು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಆ ಹಂತವನ್ನು ದಾಟಿಕೊಂಡು ಮುಂದೆ ಹೋದರು. ಕೆಲವು ಮಕ್ಕಳು ಹೊಟ್ಟೆಯ ಮೇಲೆ ತೆವಳುತ್ತವೆ, ಕೆಲವು ಕೂತಲ್ಲಿಂದಲೇ ಪೃಷ್ಠವನ್ನು ಜಾರಿಸುತ್ತ ಕೋಣೆ ಸುತ್ತುತ್ತವೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಯಾವ ವಯಸ್ಸಿಗೆ ಮಕ್ಕಳು ಏನೇನು ಮಾಡುತ್ತಾರೆ ಎಂಬ ತನ್ನ ಪಟ್ಟಿಯನ್ನು 2022ರಲ್ಲಿ ಪರಿಷ್ಕರಿಸಿದಾಗ ಅಂಬೆಗಾಲನ್ನೇ ಕೈಬಿಟ್ಟಿತು. ಅದೇ ಪರಿಷ್ಕರಣೆಯಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಆಯಾ ವಯಸ್ಸಿಗೆ ಶೇಕಡಾ 75ರಷ್ಟೋ ಅದಕ್ಕಿಂತ ಹೆಚ್ಚೋ ಮಕ್ಕಳು ಮಾಡಬಹುದಾದದ್ದನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಂಡರು. ಮೊದಲಿನ ಪಟ್ಟಿಯಲ್ಲಿ ಅರ್ಧದಷ್ಟು ಮಕ್ಕಳು ಮಾಡುವುದನ್ನೂ ಬರೆದಿದ್ದರಿಂದ, ಉಳಿದರ್ಧ ಮಕ್ಕಳ ಮನೆಯವರು ಸುಮ್ಮನೆ ಗಾಬರಿಯಾಗುತ್ತಿದ್ದರು. ಇಲ್ಲವೇ "ಕಾದು ನೋಡೋಣ" ಎಂಬ ಉತ್ತರಕ್ಕೆ ಒಗ್ಗಿಹೋಗುತ್ತಿದ್ದರು. ಈ ಬದಲಾವಣೆಯ ಬಗ್ಗೆ ನನ್ನ ಕ್ಷೇತ್ರದಲ್ಲಿ ತಕರಾರುಗಳಿವೆ. ಅಂಬೆಗಾಲನ್ನು ಬಿಟ್ಟದ್ದು ಹಲವು ಚಿಕಿತ್ಸಕರಿಗೆ ಸರಿಕಾಣಲಿಲ್ಲ. ಅಂಬೆಗಾಲಿಡುವಾಗ ಅಂಗೈ, ಭುಜ, ಸೊಂಟಗಳಿಗೆ ಸಿಗುವ ಬಲವನ್ನು ನಾನು ದಿನವೂ ನೋಡುವುದರಿಂದ ಅವರ ತಕರಾರು ನನಗೆ ಅರ್ಥವಾಗುತ್ತದೆ. ಆದರೂ ಎಲ್ಲ ಮಕ್ಕಳೂ ದಾಟಲೇಬೇಕಾದ ಹೊಸ್ತಿಲು ಅದಲ್ಲ ಎಂಬುದು ನಿಜ.

ಲೆಕ್ಕ ಇಲ್ಲಿಗೆ ಸಾಕು. ಇನ್ನು ನೋಡುವ ಮಾತು.

ಮೊದಲ ಮಗುವಿನ ಕಾಲದಲ್ಲಿ ನಾವು ಫಲಿತಾಂಶಕ್ಕೆ ಕಾಯುತ್ತಿರುತ್ತೇವೆ. ಮಗುಚಿಕೊಂಡಿತೇ? ಕೂತಿತೇ? ಆಯಿತು ಎಂದಾಕ್ಷಣ ಎಲ್ಲರಿಗೂ ಸುದ್ದಿ ಮುಟ್ಟಿಸಿ ಮುಂದಿನದಕ್ಕೆ ಕಾಯಲು ಶುರು ಮಾಡುತ್ತೇವೆ. ಮುಂದೇನು ಬರುತ್ತದೆ ಎಂಬುದು ಎರಡನೆಯ ಸಲಕ್ಕೆ ಗೊತ್ತಿರುತ್ತದೆ. ಆ ಅವಸರ ಇಳಿದಿರುವುದರಿಂದ, ಬರುವುದರ ಹಿಂದಿನ ದುಡಿಮೆ ಕಣ್ಣಿಗೆ ಬೀಳುತ್ತದೆ.

ಮಗುಚಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಅದು ಒಂದು ದಿನದ ಕೆಲಸವೆಂದು ತೋರುತ್ತದೆ. ನಿಜವಾಗಿ ಅದು ಕೈಗಳೆರಡೂ ಎದೆಯ ಮೇಲೆ ಒಂದನ್ನೊಂದು ಸಂಧಿಸಿದಾಗಲೇ ಶುರುವಾಗಿರುತ್ತದೆ. ಹುಟ್ಟಿದಾಗ ಕೂಸಿನ ತಲೆ ಒಂದು ಪಕ್ಕಕ್ಕೆ ತಿರುಗಿದರೆ ಆ ಪಕ್ಕದ ಕೈ ಚಾಚಿಕೊಳ್ಳುತ್ತದೆ, ಇನ್ನೊಂದು ಮಡಿಸಿಕೊಳ್ಳುತ್ತದೆ. ತಾನಾಗಿಯೇ ಆಗುವ ಆ ಪ್ರತಿವರ್ತನೆಯ ಹಿಡಿತ ಸಡಿಲವಾಗುವವರೆಗೆ ಎರಡು ಕೈಗಳು ನಡುವೆ ಬಂದು ಸೇರುವುದು ಕಷ್ಟ. ಮೂರನೆಯ, ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಸೇರುತ್ತವೆ. ನನ್ನ ಮಗ ಅಂಗಾತ ಮಲಗಿ ತನ್ನ ಬೆರಳುಗಳನ್ನು ಹೆಣೆದುಕೊಂಡು, ಅವು ಯಾರವೋ ಎಂಬಂತೆ ನೋಡುತ್ತಿದ್ದ. ಆಮೇಲೆ ಮಂಡಿಗಳು ಹೊಟ್ಟೆಯ ಕಡೆಗೆ ಬಂದವು, ಕೈಗೆ ಮಂಡಿ ಸಿಕ್ಕಿತು, ಕೆಲವು ವಾರಗಳಲ್ಲಿ ಕಾಲಿನ ಹೆಬ್ಬೆರಳೂ ಸಿಕ್ಕಿತು. ಕಾಲು ಹಿಡಿದುಕೊಂಡ ಕೂಸು ಉಂಡೆಯಂತಾಗುತ್ತದೆ. ಉಂಡೆಗೆ ಪಕ್ಕಕ್ಕೆ ಉರುಳುವುದು ಸುಲಭ. ಅವನು ಹೀಗೆ ಪಕ್ಕಕ್ಕೆ ಉರುಳಿ ಅಲ್ಲೇ ನಿಲ್ಲುತ್ತಿದ್ದ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಆ ಪಕ್ಕದ ನಿಲುವು ಎಷ್ಟು ದೊಡ್ಡದು ಎಂಬುದನ್ನು ಹೇಳಲೇಬೇಕು. ಹೊಟ್ಟೆಯ ಸ್ನಾಯುಗಳೂ ಬೆನ್ನಿನ ಸ್ನಾಯುಗಳೂ ಒಟ್ಟಿಗೆ ಎಳೆದರೆ ಮಾತ್ರ ಪಕ್ಕಕ್ಕೆ ಮಲಗಿ ನಿಲ್ಲಲು ಸಾಧ್ಯ. ಮುಂದೆ ಕೂರುವುದಕ್ಕೆ, ನಿಲ್ಲುವುದಕ್ಕೆ ಬೇಕಾದ ಹೊಂದಾಣಿಕೆಯೇ ಅದು. ಕೆಲವು ದಿನಗಳ ಮೇಲೆ ಅಕ್ಕನ ದನಿ ಬಂದ ಕಡೆಗೆ ತಲೆಯೆತ್ತಿದಾಗ, ಮೇಲಿನ ಕಾಲು ತಾನಾಗಿಯೇ ದಾಟಿ ಬಂದು, ಸೊಂಟ ಹಿಂಬಾಲಿಸಿ ಬೋರಲಾದ. ಬೋರಲಾದವನ ಒಂದು ಕೈ ಎದೆಯ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಮುಖ ಕೆಂಪಗೆ ಮಾಡಿಕೊಂಡು, ಸ್ವಲ್ಪ ಅತ್ತು, ಹಣೆಯನ್ನು ನೆಲಕ್ಕೆ ಒತ್ತಿ, ಭಾರವನ್ನು ಇನ್ನೊಂದು ಭುಜಕ್ಕೆ ದಾಟಿಸಿದ. ಆಗ ಕೈ ಹೊರಗೆ ಬಂತು. ಭಾರವನ್ನು ಒಂದು ಪಕ್ಕಕ್ಕೆ ದಾಟಿಸಿ ಇನ್ನೊಂದು ಪಕ್ಕವನ್ನು ಬಿಡಿಸಿಕೊಳ್ಳುವುದು: ಅಂಬೆಗಾಲು, ಹೆಜ್ಜೆ, ಓಟ ಎಲ್ಲವೂ ಮುಂದೆ ಇದರ ಮೇಲೆಯೇ ನಿಲ್ಲುತ್ತವೆ. ಮಗಳ ಕಾಲದಲ್ಲೂ ಇದೇ ನಡೆದಿರಬೇಕು. ಆಗ ನಾನು 'ಬೋರಲಾದಳು' ಎಂಬುದಕ್ಕೆ ಚಪ್ಪಾಳೆ ತಟ್ಟಿ ಕೈಯನ್ನು ನಾನೇ ಬಿಡಿಸಿ ಕೊಡುತ್ತಿದ್ದೆ. ಈ ಸಲ ಪಕ್ಕದಲ್ಲೇ ಕೂತು, ಕೈ ಚಾಚದೆ ಕಾದೆ.

ಇಲ್ಲೊಂದು ಎಚ್ಚರಿಕೆಯ ಮಾತು ಸೇರಿಸುತ್ತೇನೆ. ಮಲಗಿಸುವಾಗ ಕೂಸನ್ನು ಅಂಗಾತವಾಗಿಯೇ ಮಲಗಿಸಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಬೋರಲು ಮಲಗಿಸಬೇಡಿ ಎಂದು ಹೇಳಿದ ಮೇಲೆ, ನಿದ್ದೆಯಲ್ಲಿ ಸಂಭವಿಸುತ್ತಿದ್ದ ಹಠಾತ್ ಶಿಶುಮರಣಗಳು ಅಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಅಂಗಾತ ಮಲಗುವ ಮಕ್ಕಳು ಮಗುಚಿಕೊಳ್ಳುವುದು, ತೆವಳುವುದು ತುಸು ತಡವಾಗುತ್ತದೆ. ನಡೆಯುವ ಹೊತ್ತಿಗೆ ಆ ಅಂತರ ಉಳಿಯುವುದಿಲ್ಲ. ತಡವನ್ನು ಸರಿದೂಗಿಸಲು ಎಚ್ಚರವಿದ್ದಾಗ, ನಮ್ಮ ಕಣ್ಣೆದುರಿಗೆ, ಬೋರಲು ಹಾಕಬೇಕು. ಎರಡನೆಯ ಮಗುವಿಗೆ ಈ ಬೋರಲಿನ ಹೊತ್ತು ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ನೆಲದ ಮೇಲೆ ಬಿಟ್ಟರೆ ಓಡಾಡುವ ದೊಡ್ಡ ಮಗು ಎಲ್ಲಿ ತುಳಿದೀತೋ ಎಂದು ಕೂಸನ್ನು ಎತ್ತಿಕೊಂಡೋ, ಒರಗು ಕುರ್ಚಿಯಲ್ಲಿ ಕಟ್ಟಿ ಕೂರಿಸಿಯೋ ಇಟ್ಟಿರುತ್ತಾರೆ. ಭಯ ಸಹಜವೇ. ಆದರೆ ಕೂಸಿಗೆ ನೆಲ ಬೇಕು. ದೊಡ್ಡ ಮಗುವನ್ನು ಕೂಸಿನ ಮುಖಕ್ಕೆ ಮುಖವಿಟ್ಟು ತಾನೂ ಬೋರಲು ಮಲಗುವಂತೆ ಹೇಳಿ. ತಲೆಯೆತ್ತಿ ನೋಡಲು ಕೂಸಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬೆಳವಣಿಗೆ ಎಂದರೆ ಮಿದುಳು ಬಲಿತಂತೆಲ್ಲ ಒಂದೊಂದೇ ಬೀಗ ತೆರೆದುಕೊಳ್ಳುವುದು ಎಂದು ಬಹುಕಾಲ ನಂಬಿದ್ದರು. ಎಸ್ತರ್ ಥೆಲೆನ್ ಎಂಬ ಅಮೆರಿಕದ ಮನೋವಿಜ್ಞಾನಿ ಆ ನಂಬಿಕೆಯನ್ನು ಅಲುಗಾಡಿಸಿದರು. ಈಗಷ್ಟೇ ಹುಟ್ಟಿದ ಕೂಸನ್ನು ಕಂಕುಳಲ್ಲಿ ಹಿಡಿದು ಪಾದವನ್ನು ನೆಲಕ್ಕೆ ತಾಕಿಸಿದರೆ ಅದು ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಎರಡು ತಿಂಗಳ ಹೊತ್ತಿಗೆ ಅದು ಮಾಯವಾಗುತ್ತದೆ. ಮಿದುಳು ಬಲಿತು ಆ ಪ್ರತಿವರ್ತನೆಯನ್ನು ಅದುಮಿತು ಎಂಬುದು ಪಠ್ಯಪುಸ್ತಕದ ವಿವರಣೆಯಾಗಿತ್ತು. ಥೆಲೆನ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೂಸುಗಳ ಕಾಲನ್ನು ನೀರಿನಲ್ಲಿ ಇಳಿಬಿಟ್ಟರು; ಕಡಿಮೆಯಾಗಿದ್ದ ಹೆಜ್ಜೆ ಮತ್ತೆ ಹೆಚ್ಚಿತು. ಕಾಲಿಗೆ ಪುಟ್ಟ ತೂಕ ಕಟ್ಟಿದಾಗ ಹೆಜ್ಜೆ ಕಡಿಮೆಯಾಯಿತು. ಕಾಲಿನಲ್ಲಿ ಕೊಬ್ಬು ತುಂಬುವ ವೇಗಕ್ಕೆ ಸ್ನಾಯುವಿನ ಬಲ ಏರಿಲ್ಲ, ಕಾಲು ಎತ್ತಲು ಭಾರವಾಗಿದೆ, ಅಷ್ಟೇ! ನನಗೆ ಈ ಪ್ರಯೋಗ ಬಹಳ ಇಷ್ಟ. ಇಬ್ಬರು ಮಕ್ಕಳ ನಡುವಿನ ವ್ಯತ್ಯಾಸವನ್ನು ಬುದ್ಧಿಗೆ ಕಟ್ಟುವ ಮೊದಲು ಅವರ ಮೈಕಟ್ಟನ್ನು ನೋಡಿ ಎಂದು ಅದು ಹೇಳುತ್ತದೆ. ದುಂಡಗಿನ ಕೂಸಿಗೂ ತೆಳ್ಳಗಿನ ಕೂಸಿಗೂ ತಮ್ಮ ಮೈಯನ್ನು ಎತ್ತುವ ಲೆಕ್ಕ ಒಂದೇ ಅಲ್ಲ.

ಬೀಳುವುದರ ಬಗ್ಗೆಯೂ ಒಂದು ಮಾತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ, 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ ಎಂದು ಎಣಿಸಿ ತೋರಿಸಿದರು. ಅದಕ್ಕೂ ಹಿಂದೆ ಅಡಾಲ್ಫ್ ಇಳಿಜಾರುಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಸೋಜಿಗದ್ದು. ಅಂಬೆಗಾಲಿನಲ್ಲಿ ವಾರಗಟ್ಟಲೆ ಅನುಭವ ಗಳಿಸಿದ ಮಗು ಅಪಾಯದ ಇಳಿಜಾರಿನ ಅಂಚಿನಲ್ಲಿ ತಡೆದು ನಿಲ್ಲುತ್ತದೆ. ಅದೇ ಮಗು ನಡೆಯಲು ಕಲಿತ ಹೊಸತರಲ್ಲಿ ಅದೇ ಇಳಿಜಾರಿಗೆ ನೇರವಾಗಿ ನುಗ್ಗುತ್ತದೆ. ಅಂಬೆಗಾಲು ಕಲಿಸಿದ ಜಾಗ್ರತೆ ನಿಂತ ಮೈಗೆ ದಾಟಿ ಬಂದಿಲ್ಲ. ಅದನ್ನು ಹೊಸದಾಗಿ ಕಲಿಯಬೇಕು. ಆದ್ದರಿಂದ "ಮಂಚದ ಅಂಚು ಇವನಿಗೆ ಗೊತ್ತು" ಎಂದು ನಂಬಿ ಕೂರಬೇಡಿ. ಮೊನ್ನೆಯವರೆಗೆ ಗೊತ್ತಿತ್ತು, ಇವತ್ತು ಎದ್ದು ನಿಂತಿದ್ದಾನೆ.

ಈಗ ಅಕ್ಕ ಅಣ್ಣಂದಿರ ವಿಷಯ. ಎರಡನೆಯ ಮಗುವಿಗೂ ಮೊದಲನೆಯದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಮೊದಲ ಮಗುವಿನ ಸುತ್ತ ಇದ್ದವರೆಲ್ಲ ದೊಡ್ಡವರು. ಎರಡನೆಯ ಮಗುವಿಗೆ ತನ್ನ ಎತ್ತರಕ್ಕೆ ಹತ್ತಿರದ ಒಂದು ಮುಖ, ದಿನವಿಡೀ ಚಲಿಸುವ ಒಂದು ಮೈ, ಮಗುವಿನದೇ ದನಿ ಸಿಕ್ಕಿದೆ. ನನ್ನ ಮಗ ಮೊದಲು ಗಟ್ಟಿಯಾಗಿ ಕೇಕೆ ಹಾಕಿ ನಕ್ಕದ್ದು ಅಕ್ಕ ಸೀನಿದ್ದಕ್ಕೆ. ಅವಳು ಬೇಕೆಂದೇ ಮತ್ತೆ ಸೀನಿದಳು, ಅವನು ಮತ್ತೆ ನಕ್ಕ. ಮೂರನೆಯ ಸಲ ಅವಳು ಮೂಗಿನ ಹತ್ತಿರ ಕೈ ಒಯ್ಯುವಷ್ಟರಲ್ಲಿಯೇ ಅವನ ಹೊಟ್ಟೆ ಕುಲುಕಲು ಶುರುವಾಗಿತ್ತು. ಮುಂದೇನು ಬರುತ್ತದೆ ಎಂದು ಅವನು ಊಹಿಸಿದ್ದ! ಯಾವ ಪಟ್ಟಿಯಲ್ಲಿಯೂ ಇದಕ್ಕೊಂದು ಸಾಲು ಇಲ್ಲ. ನನ್ನ ಮಟ್ಟಿಗೆ ಆ ವಾರದ ಅತಿ ದೊಡ್ಡ ಬೆಳವಣಿಗೆ ಅದೇ.

ಮಾತಿನ ವಿಷಯದಲ್ಲಿ "ಎರಡನೆಯವು ತಡವಾಗಿ ಮಾತಾಡುತ್ತವೆ" ಎಂದು ಎಲ್ಲರೂ ಹೇಳುತ್ತಾರೆ. ಎರಡನೆಯ ಮಗುವಿನ ಜೊತೆಗೇ ನೇರವಾಗಿ ಆಡುವ ಮಾತು ಕಡಿಮೆಯಾಗುವುದು ನಿಜ. ಆದರೆ ಅದು ಕೇಳಿಸಿಕೊಳ್ಳುವ ಮಾತು ಬೇರೆ ಬಗೆಯದು. ಯುರಿಕೊ ಓಶಿಮಾ-ಟಕಾನೆ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಭಾಷಾ ಬೆಳವಣಿಗೆಯಲ್ಲಿ ಮೊದಲ ಮತ್ತು ಎರಡನೆಯ ಮಕ್ಕಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 'ನಾನು', 'ನೀನು' ಎಂಬಂಥ ಪದಗಳನ್ನು ಬಳಸುವುದರಲ್ಲಿ ಮಾತ್ರ ಎರಡನೆಯ ಮಕ್ಕಳು ಮುಂದಿದ್ದರು. ಇದು ಯೋಚಿಸಬೇಕಾದ ಸಂಗತಿ. ಅಮ್ಮ ಕೂಸಿಗೆ 'ನೀನು' ಎನ್ನುತ್ತಾಳೆ. ಆ ಪದ ತನ್ನ ಹೆಸರೇ ಇರಬೇಕೆಂದು ಕೂಸು ತಿಳಿಯಬಹುದು. ಅದೇ ಅಮ್ಮ ಅಕ್ಕನಿಗೂ 'ನೀನು' ಎನ್ನುವುದನ್ನು, ಅಕ್ಕ ತಿರುಗಿ ಅಮ್ಮನಿಗೂ 'ನೀನು' ಎನ್ನುವುದನ್ನು ಪಕ್ಕದಲ್ಲಿ ಕೂತು ಕೇಳಿದ ಮಗುವಿಗೆ, ಆ ಪದ ಬಾಯಿಂದ ಬಾಯಿಗೆ ತಿರುಗುತ್ತದೆ ಎಂಬ ಗುಟ್ಟು ಸಿಗುತ್ತದೆ. ಇಬ್ಬರ ಸಂಭಾಷಣೆಯನ್ನು ನೋಡುತ್ತ ಕೂತ ಮೂರನೆಯವನ ಕಲಿಕೆ ಇದು. ಹಾಗಾಗಿ ಇಬ್ಬರೂ ಮಕ್ಕಳ ಗಲಾಟೆಯ ನಡುವೆ ಚಿಕ್ಕದಕ್ಕೆ ಏನೂ ಸಿಗುತ್ತಿಲ್ಲ ಎಂದು ನೊಂದುಕೊಳ್ಳುವ ತಾಯಂದಿರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಅಕ್ಕ ಅಣ್ಣಂದಿರ ಜೊತೆಗೆ ಅವರ ಸಾಮಾನುಗಳೂ ಇರುತ್ತವೆ. ನೆಲದ ಮೇಲೆ ಬಿದ್ದ ಒಂದು ಎಳೆ ಕೂದಲನ್ನು ಕೂಸು ಮೊದಲು ಇಡೀ ಅಂಗೈಯಿಂದ ಬಾಚುತ್ತದೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಒತ್ತುತ್ತದೆ. ಒಂಬತ್ತು ಹತ್ತು ತಿಂಗಳ ಸುಮಾರಿಗೆ ಎರಡೂ ಬೆರಳುಗಳ ತುದಿಗಳು ನೇರ ಸಂಧಿಸಿ, ಕಣ್ಣಿಗೆ ಕಾಣದಷ್ಟು ಸಣ್ಣದನ್ನೂ ಎತ್ತಿಬಿಡುತ್ತವೆ. ಮನುಷ್ಯನ ಕೈ ಮಾಡಬಲ್ಲ ಅತಿ ಸೂಕ್ಷ್ಮ ಕೆಲಸದ ಮೊದಲ ಪಾಠ ಅದು. ಅದೇ ವಾರದಿಂದ ಮನೆಯ ನೆಲ ಅಪಾಯದ ಜಾಗವೂ ಹೌದು. ಚೊಚ್ಚಲ ಮಗುವಿಗೆ ಈ ಬೆರಳು ಕೂಡಿಬಂದಾಗ ಮನೆಯಲ್ಲಿ ಮಣಿ, ಪುಟ್ಟ ಚಕ್ರ, ಅಯಸ್ಕಾಂತದ ಗುಂಡುಗಳು ಇರಲಿಲ್ಲ. ಎರಡನೆಯದಕ್ಕೆ ಕೂಡಿಬರುವಾಗ ಎಲ್ಲವೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಬಟನ್ ಬ್ಯಾಟರಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಟ್ಟುಬಿಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು ಇವತ್ತೇ ಮೇಲಿಡಿ. ದೊಡ್ಡ ಮಗುವಿಗೆ ಅದರ ಸಣ್ಣ ಸಾಮಾನುಗಳ ಆಟಕ್ಕೆ ಎತ್ತರದ ಮೇಜೊಂದನ್ನು ಬಿಟ್ಟುಕೊಡಿ. ಅದರ ಆಟವೂ ನಿಲ್ಲಬಾರದು.

ಬರೆದಿಡುವುದರ ಬಗ್ಗೆ ಎರಡು ಮಾತು. ಚಾರ್ಲ್ಸ್ ಡಾರ್ವಿನ್‌ಗೆ ಹತ್ತು ಮಕ್ಕಳು. 1839ರ ಡಿಸೆಂಬರ್‌ನಲ್ಲಿ ಹುಟ್ಟಿದ ಮೊದಲ ಮಗ ವಿಲಿಯಂನ ಪ್ರತಿಯೊಂದು ಚಲನೆಯನ್ನೂ ಅವರು ಬರೆದಿಟ್ಟುಕೊಂಡು, ಮೂವತ್ತೇಳು ವರ್ಷಗಳ ಮೇಲೆ, 1877ರಲ್ಲಿ ಲೇಖನವಾಗಿ ಪ್ರಕಟಿಸಿದರು. ಆ ಲೇಖನದ ನಾಯಕ ಚೊಚ್ಚಲ ಮಗನೇ. ಉಳಿದವರು ಅಲ್ಲಲ್ಲಿ ಇಣುಕುತ್ತಾರೆ. ನಿಜವಾದ ನಗು ಈ ಕೂಸಿನಲ್ಲಿ 45ನೆಯ ದಿನ ಕಂಡಿತು, ಇನ್ನೊಂದು ಕೂಸಿನಲ್ಲಿ 46ನೆಯ ದಿನ ಎಂದು ಬರೆದು, ನಗುವಾಗ ಕಣ್ಣು ಹೊಳೆದದ್ದನ್ನೂ ರೆಪ್ಪೆ ತುಸು ಮುಚ್ಚಿದ್ದನ್ನೂ ಗುರುತಿಸಿದ್ದಾರೆ. ಕಣ್ಣಿನ ಆ ಗುರುತೇ ನಿದ್ದೆಗಣ್ಣಿನ ತುಟಿ ಸೆಳೆತವನ್ನು ನಿಜವಾದ ನಗುವಿನಿಂದ ಬೇರೆ ಮಾಡುವುದು ಎಂಬುದು ಇವತ್ತಿಗೂ ಸರಿ. ಎರಡನೆಯ ಮಗುವಿನ ಫೋಟೋಗಳು ಕಡಿಮೆ ಎಂದು ನಾವೆಲ್ಲ ಕೊರಗುತ್ತೇವೆ. ಫೋಟೋ ಕಡಿಮೆಯಿದ್ದರೆ ಇರಲಿ. ಮೊಬೈಲಿನಲ್ಲಿ ವಾರಕ್ಕೊಂದು ಸಾಲು ಬರೆದಿಡಿ, ತಿಂಗಳಿಗೊಮ್ಮೆ ಅರ್ಧ ನಿಮಿಷದ ವಿಡಿಯೋ ತೆಗೆಯಿರಿ: ನೆಲದ ಮೇಲೆ, ಯಾರೂ ಮುಟ್ಟದೆ, ಕೂಸು ತಾನಾಗಿ ಏನು ಮಾಡುತ್ತದೆಯೋ ಅದನ್ನು. ಆಸ್ಪತ್ರೆಯ ಅಪರಿಚಿತ ಕೋಣೆಯಲ್ಲಿ ಕೂಸು ಅಳುತ್ತದೆ, ಏನನ್ನೂ ಮಾಡಿ ತೋರಿಸುವುದಿಲ್ಲ. ಆ ಅರ್ಧ ನಿಮಿಷದ ವಿಡಿಯೋದಿಂದ ನನ್ನಂಥವರಿಗೆ ತಿಳಿಯುವುದು ಬಹಳ.

ಈಗ ಈ ಉಪನ್ಯಾಸದ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಎರಡನೆಯ ಸಲದ ನೆಮ್ಮದಿ ಒಳ್ಳೆಯದು. ಆದರೆ ಆ ನೆಮ್ಮದಿಯಿಂದಾಗಿ ನೋಡುವುದೇ ನಿಂತುಹೋದರೆ ಕೂಸಿಗೆ ಹಾನಿ. ಅನುಭವವಿರುವ ತಂದೆತಾಯಂದಿರು ಕೆಲವೊಮ್ಮೆ ಹೊಸಬರಿಗಿಂತ ತಡವಾಗಿ ಬರುತ್ತಾರೆ, ಏಕೆಂದರೆ ಅವರಿಗೆ ಮನಸ್ಸನ್ನು ಸಮಾಧಾನಪಡಿಸಿಕೊಳ್ಳಲು ಒಂದು ಉದಾಹರಣೆ ಮನೆಯಲ್ಲೇ ಇದೆ.

ಮೂರು ತಿಂಗಳು ತುಂಬಿದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ, ಒಂದು ವರ್ಷಕ್ಕೂ 'ಬಬಬ' 'ದದದ' ಎಂಬ ತೊದಲು ಅಥವಾ ಟಾಟಾ ಮಾಡುವ, ಬೆರಳು ತೋರಿಸುವ ಸನ್ನೆ ಯಾವುದೂ ಬಾರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ತೋರಿಸಿದ ಎಷ್ಟೋ ಮಕ್ಕಳಲ್ಲಿ ಯಾವ ತೊಂದರೆಯೂ ಇರುವುದಿಲ್ಲ, ಆದರೂ ತೋರಿಸಿ. ಒಂದು ವರ್ಷದೊಳಗೇ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ "ಇವನು ಎಡಚ" ಎಂದು ಖುಷಿಪಡಬೇಡಿ. ಅಷ್ಟು ಬೇಗ ಕೈ ಗೊತ್ತುಮಾಡಿಕೊಳ್ಳುವುದು ಸಹಜವಲ್ಲ, ಇನ್ನೊಂದು ಕೈಯ ಬಲವನ್ನು ಪರೀಕ್ಷಿಸಬೇಕು. ಬಂದಿದ್ದ ನಗು, ತೊದಲು, ನೋಟ, ಸನ್ನೆ ಯಾವುದೇ ವಯಸ್ಸಿನಲ್ಲಿ ಹಿಂದಕ್ಕೆ ಹೋದರೆ ಮಾತ್ರ ಒಂದು ದಿನವೂ ಕಾಯಬಾರದು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಈ ತಿಂಗಳುಗಳನ್ನು ಹೆರಿಗೆಗೆ ಗೊತ್ತುಮಾಡಿದ್ದ ದಿನದಿಂದ ಎಣಿಸಬೇಕು, ಎರಡು ವರ್ಷದವರೆಗೆ ಹಾಗೆಯೇ ಎಣಿಸುತ್ತೇವೆ. ಅಕ್ಕ ತುಂಬು ತಿಂಗಳಿಗೆ ಹುಟ್ಟಿ, ತಮ್ಮ ಎರಡು ತಿಂಗಳು ಮೊದಲು ಹುಟ್ಟಿದ್ದರೆ ಹೋಲಿಕೆ ಬುಡದಲ್ಲೇ ತಪ್ಪಾಗಿದೆ.

ಕಿವಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹುಟ್ಟಿನಿಂದ ಕಿವಿ ಕೇಳದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ 'ಊ' 'ಆ' ಎಂದು ದನಿ ಮಾಡುತ್ತದೆ, ನಗುತ್ತದೆ, ಅಳುತ್ತದೆ. ಬಾಗಿಲು ಬಡಿದಾಗ ನೆಲದ ಕಂಪನಕ್ಕೆ ಬೆಚ್ಚುತ್ತದೆ. ಅಕ್ಕ ಓಡಿ ಬಂದಾಗ ಅವಳ ನೆರಳಿಗೆ ತಿರುಗುತ್ತದೆ. ಗದ್ದಲದ ಮನೆಯಲ್ಲಿ ನೆಮ್ಮದಿಯಾಗಿ ಮಲಗುವ ಕೂಸನ್ನು ನೋಡಿ "ಎರಡನೆಯದು ಎಷ್ಟು ಒಳ್ಳೆಯ ಮಗು, ಯಾವ ಸದ್ದಿಗೂ ಏಳುವುದಿಲ್ಲ" ಎನ್ನುತ್ತಾರೆ. ಬಹಳಷ್ಟು ಸಲ ಆ ಕೂಸು ಸದ್ದಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ಆದರೆ ಒಗ್ಗಿಕೊಂಡಿದೆಯೋ, ಕೇಳಿಸುತ್ತಿಲ್ಲವೋ ಎಂಬುದನ್ನು ಮನೆಯಲ್ಲಿ ಚಪ್ಪಾಳೆ ತಟ್ಟಿ ತೀರ್ಮಾನಿಸಲು ಆಗುವುದಿಲ್ಲ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ತೊಂದರೆ ಖಚಿತವಾದರೆ ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ಶ್ರವಣ ಸಾಧನ: ನಮ್ಮ ಕ್ಷೇತ್ರದಲ್ಲಿ ಹಿಡಿದುಕೊಂಡಿರುವ ಗಡುವು ಇದು. ಮಾತು ಕಲಿಯುವ ಮಿದುಳು ಆ ತಿಂಗಳುಗಳಲ್ಲಿ ದನಿಗಾಗಿ ಕಾಯುತ್ತಿರುತ್ತದೆ.

ಪ್ರಶ್ನೋತ್ತರದಲ್ಲಿ ತಂದೆಯೊಬ್ಬರು ಕೇಳಿದರು: "ನಾವು ದಿನವೂ ಕೈಹಿಡಿದು ಅಭ್ಯಾಸ ಮಾಡಿಸಿದರೆ, ಅಥವಾ ವಾಕರ್‌ನಲ್ಲಿ ಕೂರಿಸಿದರೆ, ಬೇಗ ನಡೆಯುತ್ತಾನೆಯೇ?"

ವಾಕರ್ ಬೇಡವೇ ಬೇಡ ಎಂದೆ. ಅದರಲ್ಲಿ ಕೂತ ಕೂಸು ಬೆರಳ ತುದಿಯಲ್ಲಿ ತಳ್ಳಿಕೊಂಡು ಓಡುತ್ತದೆ; ತನ್ನ ಭಾರವನ್ನು ತಾನು ಹೊರುವುದನ್ನು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವುದು ಇದರ ದೊಡ್ಡ ಅಪಾಯ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಅಭ್ಯಾಸದ ಬಗ್ಗೆ ಹಳೆಯದೊಂದು ಅಧ್ಯಯನವಿದೆ. ಆರ್ನಾಲ್ಡ್ ಗೆಸೆಲ್ ಮತ್ತು ಹೆಲೆನ್ ಥಾಂಪ್ಸನ್ 1929ರಲ್ಲಿ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ 46ನೆಯ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ ಕೊಟ್ಟರು. ಇನ್ನೊಬ್ಬಳಿಗೆ 53ನೆಯ ವಾರದಿಂದ ಎರಡೇ ವಾರ ಕೊಟ್ಟರು. ಎರಡನೆಯವಳು ಬಲುಬೇಗ ಮೊದಲನೆಯವಳ ಹತ್ತಿರಕ್ಕೆ ಬಂದಳು. ಅಭ್ಯಾಸ ವ್ಯರ್ಥ ಎಂದು ನಾನು ಇದರಿಂದ ಹೇಳುವುದಿಲ್ಲ. ಒಂದೇ ಜೋಡಿ ಮಕ್ಕಳ ಕಥೆ ಇದು, ಅಭ್ಯಾಸದಿಂದ ತುಸು ಮುಂಚೆ ನಡೆಯುವುದೂ ಉಂಟು. ಮೈ ಸಿದ್ಧವಾದಾಗ ಕಲಿಕೆ ಹಗುರವಾಗುತ್ತದೆ ಎಂಬಷ್ಟನ್ನು ಮಾತ್ರ ತೆಗೆದುಕೊಳ್ಳಿ. ಬರಿಗಾಲು, ಜಾರದ ನೆಲ, ಹಿಡಿದು ನಿಲ್ಲಲು ಗಟ್ಟಿಯಾದ ಮಂಚವೋ ಬೆಂಚೋ ಇದ್ದರೆ ಅವನು ತನ್ನ ಅಭ್ಯಾಸವನ್ನು ತಾನೇ ಮಾಡಿಕೊಳ್ಳುತ್ತಾನೆ.

ತಾಯಿಯೊಬ್ಬರ ಪ್ರಶ್ನೆ: "ಚಿಕ್ಕವಳಿಗೆ ಹದಿನೈದು ತಿಂಗಳು. ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಎಲ್ಲವನ್ನೂ ತಂದುಕೊಡುತ್ತಾನೆ. ಅದಕ್ಕೇ ಅವಳು ಮಾತಾಡುತ್ತಿಲ್ಲ ಎನ್ನುತ್ತಾರೆ ಮನೆಯವರು. ನಿಜವೇ?"

ಅಣ್ಣ ತಂದುಕೊಡಬೇಕಾದರೆ ಅವಳು ಏನು ಬೇಕೆಂದು ಹೇಗೋ ತಿಳಿಸುತ್ತಿರಬೇಕಲ್ಲವೇ ಎಂದು ಕೇಳಿದೆ. ಬೆರಳು ತೋರಿಸುತ್ತಾಳೆಯೇ? ತೋರಿಸಿ ನಿಮ್ಮ ಮುಖವನ್ನು ತಿರುಗಿ ನೋಡುತ್ತಾಳೆಯೇ? ಸನ್ನೆಯಿಲ್ಲದೆ ಬರಿಯ ಮಾತಿನಲ್ಲಿ "ಚೆಂಡು ಎಲ್ಲಿ?" ಎಂದರೆ ಹುಡುಕುತ್ತಾಳೆಯೇ? ಹೆಸರು ಹಿಡಿದು ಕರೆದರೆ ತಿರುಗುತ್ತಾಳೆಯೇ? ತಾಯಿ ಮೊದಲ ಮೂರಕ್ಕೆ ಹೌದೆಂದರು, ಕೊನೆಯದಕ್ಕೆ ಸ್ವಲ್ಪ ತಡೆದು "ಕೆಲವೊಮ್ಮೆ" ಎಂದರು. ಅಣ್ಣನ ಮೇಲೆ ತಪ್ಪು ಹೊರಿಸುವುದನ್ನು ಇಲ್ಲಿಗೇ ನಿಲ್ಲಿಸಿ, ಈ ವಾರವೇ ಶ್ರವಣ ಪರೀಕ್ಷೆ ಮಾಡಿಸಿ ಎಂದು ಹೇಳಿದೆ. ಹುಟ್ಟಿದಾಗ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು ಎಂದರು. ಆಮೇಲೆ ಕಿವಿಯ ತಮಟೆಯ ಹಿಂದೆ ನೀರು ತುಂಬಿ ನಿಂತರೂ ಕೇಳಿಸುವುದು ಮಂದವಾಗುತ್ತದೆ, ಶೀತ ಕಟ್ಟುತ್ತಿರುವ ಮಕ್ಕಳಲ್ಲಿ ಅದು ಸಾಮಾನ್ಯ, ಮತ್ತೊಮ್ಮೆ ನೋಡಿಸಿ ಎಂದೆ. ಬರುವಾಗ ಅಣ್ಣನನ್ನೂ ಕರೆದುಕೊಂಡು ಬನ್ನಿ. ಅವಳ ಸನ್ನೆಗಳ ಅರ್ಥ ನಮ್ಮೆಲ್ಲರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.